ಓ ಪಾಸಿಟಿವ್ ಅಲ್ಲದವರು

ಹಡಪಸರ, ಪುಣೆ
೨ ಮೇ ೨೦೨೫

ಮಾಮಾ,

ನಿಮ್ಮ ಯುನಿಟ್ಟಿನಲ್ಲಿ ಎಲ್ಲರ ಫೋನನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದ ಸಾಹೇಬರ ಮೇಲೆ ಮೊದಲು ನನಗೆ ಭಾರಿ ಸಿಟ್ಟು ಬಂದಿತ್ತು. ಈಗ ಇಳಿದಿದೆ. ಅವರ ದಯೆಯಿಂದ, ಮದುವೆಯಾಗಿ ಎರಡು ವರ್ಷದ ಮೇಲೆ ಗಂಡನಿಗೆ ಮೊದಲ ಪತ್ರ ಬರೆಯುವ ಯೋಗ ಬಂತು. ಅಂಚೆ ಕಚೇರಿಯಲ್ಲಿ ಕವರು ಕೇಳಿದೆ. ಅಲ್ಲಿ ಕೂತಿದ್ದ ಹೆಂಗಸು ಇದನ್ನು ಕೊಳ್ಳುವವರು ಇನ್ನೂ ಇದ್ದಾರಾ ಎಂಬಂತೆ ನನ್ನ ಮುಖ ನೋಡಿದಳು. ಮಿಲಿಟರಿಗೆ ಅಂದೆ ನೋಡು, ತಾನೇ ಎದ್ದು ಹುಡುಕಿ, ಅಂಟು ಹಚ್ಚುವುದು ಹೇಗೆ ಅಂತ ತೋರಿಸಿಕೊಟ್ಟಳು.

ಅವ್ವನ ಎದುರು ನಿನಗೆ 'ರೀ' ಹಚ್ಚಿ ಮಾತಾಡಬೇಕು. ಪತ್ರದಲ್ಲಿ ಅವ್ವ ಇಲ್ಲ. ನೀನು ಅವಳ ಕಡೆಯ ತಮ್ಮ, ನನ್ನನ್ನು ಸೈಕಲ್ ದಂಡಿಯ ಮೇಲೆ ಕೂಡಿಸಿಕೊಂಡು ಬೈಲಹೊಂಗಲದ ತುಂಬ ತಿರುಗಿಸಿದ ಮಾಮಾ. ತಾಳಿ ಕಟ್ಟಿದ ಮಾತ್ರಕ್ಕೆ 'ನೀವು' ಆಗಲು ನಿನ್ನಿಂದ ಸಾಧ್ಯವಿಲ್ಲ. ಮೇಲಿನ ಮನೆಯ ದೀಪಾಲಿ ನಾನು ಗಂಡನಿಗೆ ಮಾಮಾ ಅನ್ನುವುದನ್ನು ಕೇಳಿ ಇನ್ನೂ ನಗುವುದನ್ನು ಬಿಟ್ಟಿಲ್ಲ. ಅವರ ಮರಾಠಿ ಮನೆಗಳಲ್ಲಿ ಸೋದರತ್ತೆಯ ಮಗನವರೆಗೆ ನಡೆಯುತ್ತದಂತೆ, ಸೋದರಮಾವ ಅಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ ನಡೆದಿದೆ ಎಂದು ಹೇಳಿ ಅವಳ ಬಾಯಿ ಮುಚ್ಚಿಸಿದೆ. ಮುಚ್ಚಲಿಲ್ಲ, ಇನ್ನಷ್ಟು ತೆರೆಯಿತು.

ಅಪ್ಪ ಅಂಗಡಿಯಲ್ಲಿ ಸ್ಟೀಲು ಪಾತ್ರೆಗಳ ನಡುವೆ ಟಿ.ವಿ. ಇಟ್ಟುಕೊಂಡು ಗಡಿಯ ಸುದ್ದಿ ನೋಡುತ್ತಾನೆ. ಕುಕ್ಕರ್ ಕೊಳ್ಳಲು ಬಂದವರೂ ನಿಂತು ನೋಡುತ್ತಾರೆ. ನನ್ನ ಅಳಿಯ ಮಿಲಿಟರಿ ದವಾಖಾನೆಯಲ್ಲಿದ್ದಾನೆ ಎಂದು ಅಪ್ಪ ಅಂದರೆ ಯಾರೂ ದರಕ್ಕೆ ಜಗಳ ಮಾಡುವುದಿಲ್ಲ. ನಾನು ಮಾತ್ರ ಟಿ.ವಿ. ಕಡೆ ನೋಡುತ್ತಿಲ್ಲ. ಊಟ ಸೇರುತ್ತಿಲ್ಲ, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ. ಬಿಸಿಲು ಹಾಗಿದೆ.

ರಜೆಯನ್ನು ಅರ್ಧಕ್ಕೇ ಬಿಟ್ಟು ಓಡಿಹೋದೆಯಲ್ಲ, ಈಗ ಎಲ್ಲಿದ್ದೀ? ಊರ ಹೆಸರು ಬೇಡ. ಮುಂದಿದ್ದೀಯೋ ಹಿಂದಿದ್ದೀಯೋ, ಅಷ್ಟು ಬರೆ.

ನಿನ್ನ ತ್ರಿವೇಣಿ


೫೬ ಎ.ಪಿ.ಒ.
೬ ಮೇ ೨೦೨೫

ತ್ರಿವೇಣಿ,

ನಿನ್ನ ಪತ್ರ ಬಂತು. ನಮ್ಮಲ್ಲಿ ಪತ್ರ ಬಂದವನು ಎಲ್ಲರಿಗೂ ಚಹಾ ಕುಡಿಸಬೇಕು. ಪ್ರಲ್ಹಾದ ನನ್ನ ಹೆಸರು ಕೂಗುತ್ತ ಕವರನ್ನು ತಲೆಯ ಮೇಲೆ ಹಿಡಿದು ಕುಣಿದ. ಅವನು ಸೊಲ್ಲಾಪುರದವನು, ನಮ್ಮ ಅಂಬುಲೆನ್ಸ್ ಓಡಿಸುತ್ತಾನೆ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಗಾಡಿ ಕೆಟ್ಟಾಗ ಎರಡರಲ್ಲೂ ಬೈಯುತ್ತಾನೆ. ಇಲ್ಲಿ ನನಗೆ ಮನೆಯ ಮಾತು ಆಡಲು ಇರುವವನು ಅವನೊಬ್ಬನೇ.

ನಾನು ಹಿಂದಿದ್ದೇನೆ, ಬಹಳ ಹಿಂದೆ. ಸ್ಟೋರಿನಲ್ಲಿ ಕೂತು ಬ್ಯಾಂಡೇಜು, ಸಲೈನು, ಹತ್ತಿ ಎತ್ತಿಡುವುದು ನನ್ನ ಕೆಲಸ. ಯುದ್ಧದ ಸದ್ದು ಕೇಳಬೇಕೆಂದರೆ ನಾನೂ ನಿನ್ನ ಅಪ್ಪನ ಹಾಗೆ ಟಿ.ವಿ. ಹಾಕಬೇಕು. ಆದರೂ ಮೈಯಲ್ಲಿ ಒಂಥರಾ ಹುರುಪು ತುಂಬಿದೆ. ಒಂಬತ್ತು ವರ್ಷ ಕಲಿತದ್ದಕ್ಕೆ ಈಗ ಅರ್ಥ ಬಂದಿದೆ ಅನ್ನಿಸುತ್ತದೆ. ನಮ್ಮ ಡಾಕ್ಟರು ಕ್ಯಾಪ್ಟನ್ ನೀತಾ ಮೇಡಂ. ನಿನಗಿಂತ ಒಂದೆರಡು ವರ್ಷ ದೊಡ್ಡವರು ಇರಬಹುದು. ಕಣ್ಣಿಗೆ ಪಟ್ಟಿ ಕಟ್ಟಿ ನಮ್ಮಿಂದ ಗಾಯಕ್ಕೆ ಪಟ್ಟಿ ಕಟ್ಟಿಸುತ್ತಾರೆ, ಕತ್ತಲಾದರೆ ಗಾಯ ಕಾಯುವುದಿಲ್ಲ ಎನ್ನುತ್ತಾರೆ. ನಿನ್ನೆ ಆ ಆಟದಲ್ಲಿ ನಾನು ಮೊದಲು ಬಂದೆ.

ಇನ್ನೊಂದು ಹೆಚ್ಚಳ ಹೇಳಬೇಕು. ನನ್ನ ಕುತ್ತಿಗೆಯ ಬಿಲ್ಲೆಯ ಮೇಲೆ ಓ ಪಾಸಿಟಿವ್ ಎಂದು ಕೊರೆದಿದ್ದಾರಲ್ಲ, ಇಲ್ಲಿ ಅದಕ್ಕೆ ಭಾರಿ ಮರ್ಯಾದೆ. ನಮ್ಮ ರಕ್ತ ಬಹಳ ಮಂದಿಗೆ ನಡೆಯುತ್ತದೆ. ಮೇಡಂ ಓ ಗುಂಪಿನವರನ್ನೆಲ್ಲ ಒಂದು ಕಡೆ ನಿಲ್ಲಿಸಿ, ನೀವೇ ನಮ್ಮ ಓಡಾಡುವ ಬ್ಲಡ್ ಬ್ಯಾಂಕು ಎಂದರು.

ಬಿಸಿಲಿಗೆ ಸಕ್ಕರೆ ಉಪ್ಪು ಹಾಕಿದ ನೀರು ಕುಡಿ. ಮಧ್ಯಾಹ್ನ ಅಂಗಡಿಗೆ ಹೋಗಬೇಡ. ಅಕ್ಕನಿಗೆ ಹೇಳು, ನಾನು ದಪ್ಪಗಾಗುತ್ತಿದ್ದೇನೆ.

ನಿನ್ನ ಮಾಂತು


ಹಡಪಸರ
೧೨ ಮೇ ೨೦೨೫

ಮಾಮಾ,

ಈ ಪತ್ರವನ್ನು ನಿಂತಲ್ಲೇ ಓದು, ಓದಿ ನೇರವಾಗಿ ನಿನ್ನ ಮೇಡಂ ಕೈಗೆ ಕೊಡು. ಇದೇ ಮಾತನ್ನು ಬೇರೆ ಎರಡು ಕವರಿನಲ್ಲೂ ಹಾಕಿ ಕಳಿಸಿದ್ದೇನೆ, ಒಂದಾದರೂ ಮುಟ್ಟಲಿ ಅಂತ. ನಿಮ್ಮ ಹಿಂದಿನ ಆಫೀಸಿನ ನಂಬರಿಗೆ ಅಪ್ಪನಿಂದ ಫೋನು ಮಾಡಿಸಿದೆ. ಎತ್ತಿದವರು ಹಿಂದಿಯಲ್ಲಿ, ಸಂದೇಶ ಮುಟ್ಟಿಸುತ್ತೇವೆ ಎಂದರು. ಅಪ್ಪ ತನ್ನ ಹಿಂದಿಯಲ್ಲಿ ಏನು ಹೇಳಿದನೋ, ಅವರಿಗೆ ಏನು ತಿಳಿಯಿತೋ.

ವಿಷಯ ಇಷ್ಟು. ಇಲ್ಲಿ ಎಲ್ಲ ಕಡೆ ಯೋಧರಿಗಾಗಿ ರಕ್ತದಾನದ ಶಿಬಿರ ನಡೆದಿದೆ. ಗಂಡ ಅಲ್ಲಿರುವಾಗ ನಾನು ಸುಮ್ಮನಿರುತ್ತೇನೆಯೇ, ದೀಪಾಲಿಯ ಜೊತೆ ಹೋದೆ. ಎರಡು ದಿನ ಬಿಟ್ಟು ಕರೆ ಬಂತು. ಮತ್ತೆ ಬರಬೇಕು, ರಕ್ತ ಮತ್ತೆ ನೋಡಬೇಕು ಎಂದರು. ನನಗೆ ಜೀವವೇ ಹಾರಿತು, ಏನು ರೋಗವೋ ಅಂತ. ರೋಗವಲ್ಲ. ನಾನು ಓ ಅಲ್ಲ. ಎ ಅಲ್ಲ, ಬಿ ಅಲ್ಲ, ಎಬಿ ಕೂಡ ಅಲ್ಲ. ಓ ರಕ್ತದ ಹನಿಯ ಜೊತೆ ಸೇರಿಸಿದರೂ ನನ್ನದು ಗಂಟುಗಂಟಾಗುತ್ತದಂತೆ. ಮೊದಲು ಮುಂಬಯಿಯಲ್ಲಿ ಗೊತ್ತಾದದ್ದಕ್ಕೆ ಬಾಂಬೆ ಗುಂಪು ಅನ್ನುತ್ತಾರಂತೆ. ಸಾವಿರಗಟ್ಟಲೆ ಜನರಲ್ಲಿ ಒಬ್ಬರಿಗೆ ಇರುತ್ತದಂತೆ. ಸಾದಾ ಪರೀಕ್ಷೆಯಲ್ಲಿ ಅದು ಓ ಎಂದೇ ತೋರುತ್ತದೆ. ಈ ಗುಂಪಿನವರಿಗೆ ಓ ರಕ್ತ ಏರಿಸಿದರೆ ಜೀವಕ್ಕೇ ಮುಳುವು, ಇನ್ನೊಬ್ಬ ಬಾಂಬೆ ಗುಂಪಿನವರದ್ದೇ ಬೇಕು.

ನಾನು ಅಷ್ಟು ಅಪರೂಪದವಳು ಎಂದು ಮೊದಲು ಕುಣಿದೆ ಮಾಮಾ, ಸುಳ್ಳು ಯಾಕೆ. ಕೇತಕಿ ಡಾಕ್ಟರು ಕೇಳಿದರು, ಮನೆಯಲ್ಲಿ ರಕ್ತಸಂಬಂಧದ ಮದುವೆಗಳಾಗಿವೆಯೇ ಎಂದು. ಒಂದೇ ಎರಡೇ ಅಂದೆ. ಅವ್ವನ ರಕ್ತವನ್ನೂ ತರಿಸಿ ನೋಡಿದರು. ಅವ್ವನದೂ ಬಾಂಬೆ. ಅವಳ ಒಡಹುಟ್ಟಿದವರಿದ್ದರೆ ತಕ್ಷಣ ತೋರಿಸಿರಿ ಎಂದರು. ಆಗ ನನ್ನ ಕುಣಿತ ನಿಂತಿತು.

ನೀನು ಅವಳ ತಮ್ಮ. ನಿನ್ನನ್ನು ಭರ್ತಿ ಮಾಡಿಕೊಳ್ಳುವಾಗ ಗಾಜಿನ ಮೇಲೆ ಎರಡು ಹನಿ ಹಾಕಿ ಓ ಎಂದು ಬರೆದರು ಎಂದು ನೀನೇ ಹೇಳಿದ್ದೆ. ಆ ಬಿಲ್ಲೆ ಸುಳ್ಳು ಹೇಳುತ್ತಿರಬಹುದು. ಅದನ್ನು ನೋಡಿ ಯಾರಾದರೂ ನಿನಗೆ ಓ ಏರಿಸಿದರೆ? ನೀನು ಹಿಂದೆ ಸ್ಟೋರಿನಲ್ಲಿದ್ದೀ, ಗೊತ್ತು. ಆದರೂ ಪರೀಕ್ಷೆ ಆಗುವವರೆಗೆ ಆ ಬಿಲ್ಲೆಯ ಮೇಲೆ ಪಟ್ಟಿ ಸುತ್ತಿ ಅಂಟಿಸಿಬಿಡು. ನನ್ನಾಣೆ.

ತ್ರಿವೇಣಿ


೫೬ ಎ.ಪಿ.ಒ.
೧೩ ಮೇ ೨೦೨೫

ತ್ರಿವೇಣಿ,

ತೋಪುಗಳ ಸದ್ದು ನಿಂತಿದೆ. ನಿನಗೂ ಟಿ.ವಿ.ಯಲ್ಲಿ ಗೊತ್ತಾಗಿರುತ್ತದೆ. ನಿಂತ ಮೇಲೆ ಹಕ್ಕಿಗಳ ಸದ್ದು ಎಷ್ಟು ಜೋರಾಗಿ ಕೇಳುತ್ತದೆ ಗೊತ್ತೇ, ಪ್ರಲ್ಹಾದ ಕಿವಿ ಮುಚ್ಚಿಕೊಂಡು ಕೂತಿದ್ದಾನೆ.

ಈಗ ಹೇಳಬಹುದು, ನಾನು ಸ್ಟೋರಿನಲ್ಲಿರಲಿಲ್ಲ. ಗಾಯಗೊಂಡವರನ್ನು ಮೊದಲು ತರುವ ಠಾಣೆಯಲ್ಲಿದ್ದೆ. ಒಂದು ಖಾಲಿ ಶಾಲೆಯ ನೆಲಮಾಳಿಗೆ ಅದು. ಗೋಡೆಯ ಮೇಲೆ ಮಕ್ಕಳು ಬರೆದ ಮಗ್ಗಿ ಹಾಗೇ ಇತ್ತು. ಬೈಯಬೇಡ, ಮುಗಿಯಿತಲ್ಲ. ನಿನಗೆ ಹೇಗೆ ಹೇಳಲಿ, ಆ ದಿನಗಳಲ್ಲಿ ನನಗೆ ಹೆದರಿಕೆಯಾಗಲು ಸಮಯವೇ ಸಿಗಲಿಲ್ಲ. ಸ್ಟ್ರೆಚರ್ ಒಳಗೆ ಬರುತ್ತಲೇ ನನ್ನ ಕೈ ತಾನಾಗಿ ಕತ್ತರಿ ಹಿಡಿಯುತ್ತಿತ್ತು. ಬಟ್ಟೆ ಕತ್ತರಿಸು, ರಕ್ತ ನಿಲ್ಲಿಸು, ಉಸಿರು ನೋಡು, ಸಲೈನು ಹಚ್ಚು, ಗಾಡಿಗೆ ಹಾಕು. ಪ್ರಲ್ಹಾದ ದೀಪ ಹಾಕದೆ ಘಾಟಿನ ರಸ್ತೆ ಇಳಿಯುತ್ತಿದ್ದ. "ಗಾಡಿ ನಾ ಹೊಡೀತೀನಿ, ದೇವರ ಹೆಸರು ನೀ ಹೇಳು" ಅನ್ನುತ್ತಿದ್ದ. ನಾವು ಕೆಳಗೆ ಕಳಿಸಿದವರಲ್ಲಿ ಬಹಳ ಜನ ಬದುಕಿದ್ದಾರೆ. ಇದನ್ನು ಬರೆಯುವಾಗ ನನ್ನ ಎದೆ ಉಬ್ಬುತ್ತಿದೆ, ಉಬ್ಬಲಿ ಬಿಡು.

ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ನಮ್ಮವನೇ. ಒಂದು ಬೆಳಿಗ್ಗೆ ಗಾಯಾಳುವನ್ನು ಇಳಿಸುವಾಗ ಅವನ ತೊಡೆಗೆ ಶೆಲ್ಲಿನ ಚೂರು ಬಡಿಯಿತು. ಒಳಗೆ ತಂದಾಗ ಮುಖ ಸುಣ್ಣದ ಹಾಗಿತ್ತು. ಠಾಣೆಯಲ್ಲಿ ಓ ರಕ್ತದ ಚೀಲ ಒಂದೇ ಉಳಿದಿತ್ತು. ಮೇಡಂ ಅದನ್ನು ಅವನಿಗೇ ತೂಗುಹಾಕಿಸಿದರು, ಸೂಜಿ ಚುಚ್ಚುವುದೊಂದು ಬಾಕಿ. ಅಷ್ಟರಲ್ಲಿ ಇನ್ನೊಂದು ಸ್ಟ್ರೆಚರ್ ಬಂತು. ಅದರಲ್ಲಿದ್ದವನು ಗಢವಾಲದ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಮಾತು ನಿಂತುಹೋಗಿತ್ತು. ನಮ್ಮವನು ಮೇಡಂ ಕೈ ಹಿಡಿದು, ಅದನ್ನು ಅವನಿಗೆ ಹಾಕಿರಿ, ನನಗೆ ಸಲೈನು ಸಾಕು ಎಂದ. ಮೇಡಂ ಗದರಿದರು. ಇವನು ಕೈ ಬಿಡಲಿಲ್ಲ. ಚೀಲ ಆ ಹುಡುಗನಿಗೆ ಹೋಯಿತು. ಇಬ್ಬರೂ ಬದುಕಿದ್ದಾರೆ. ನಮ್ಮವನು ಈಗ ಹಾಸಿಗೆಯಲ್ಲಿ ಬಿದ್ದು, ಚಹಾಕ್ಕೆ ಸಕ್ಕರೆ ಕಡಿಮೆ ಎಂದು ತಕರಾರು ತೆಗೆಯುತ್ತಾನೆ.

ನಾನು ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದೇನೆ. ಮಲಗಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿವೆ.

ಮಾಂತು


ಹಡಪಸರ
೨೦ ಮೇ ೨೦೨೫

ಮಾಮಾ,

ಸ್ಟೋರಿನವನೇ, ನಿನ್ನ ಪತ್ರ ಓದಿ ಮೊದಲು ಅತ್ತೆ, ಆಮೇಲೆ ಬೈದೆ, ಆಮೇಲೆ ಮನೆಯಲ್ಲೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪ ಅಂಗಡಿಗೆ ಒಯ್ದು ಅಲ್ಲೂ ಓದಿದ. ಮರಾಠಿ ಗಿರಾಕಿಗಳಿಗೆ ಅನುವಾದ ಬೇರೆ. ಅವನ ಅನುವಾದದಲ್ಲಿ ನೀನು ಒಬ್ಬನೇ ಯುದ್ಧ ಗೆದ್ದಿದ್ದೀ.

ಚೀಲ ಬಿಟ್ಟುಕೊಟ್ಟ ಆ ಮನುಷ್ಯನ ಹೆಸರು ನೀನು ಬರೆಯಲಿಲ್ಲ. ಅವನ ಹೆಂಡತಿಗೆ ನನ್ನ ನಮಸ್ಕಾರ ಮುಟ್ಟಿಸು. ಅಂಥವನನ್ನು ಕಟ್ಟಿಕೊಂಡವಳ ಎದೆ ಗಟ್ಟಿಯಿರಬೇಕು.

ನನ್ನ ಪತ್ರ ಮುಟ್ಟಿತೇ? ಮೂರರಲ್ಲಿ ಒಂದೂ ಮುಟ್ಟಿಲ್ಲವೇ? ನೀನು ಆ ಠಾಣೆಯಲ್ಲಿದ್ದೆ ಎಂದು ತಿಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಯುದ್ಧ ಮುಗಿಯಿತು ಎಂದು ಎಲ್ಲರೂ ಪೇಢೆ ಹಂಚುತ್ತಾರೆ, ನನ್ನ ಪಾಲಿಗೆ ನಿನ್ನ ರಕ್ತ ನೋಡುವವರೆಗೆ ಮುಗಿದಿಲ್ಲ. ಬೇಗ ಬರೆ.

ತ್ರಿವೇಣಿ


೫೬ ಎ.ಪಿ.ಒ.
೨೪ ಮೇ ೨೦೨೫

ತ್ರಿವೇಣಿ,

ನಿನ್ನ ಆ ಮೂರೂ ಪತ್ರ ಮೂರು ದಿನದ ಹಿಂದೆ ಒಂದೇ ದಿನ ಬಂದವು, ಇವತ್ತು ನಾಲ್ಕನೆಯದೂ ಬಂತು. ನಾಲ್ಕು ಸಲ ಚಹಾ ಕುಡಿಸಬೇಕಾಯಿತು. ಮಾವನ ಫೋನೂ ಮುಟ್ಟಿತ್ತು, ಆದರೆ ನಿಮ್ಮ ಹೆಂಡತಿಯ ರಕ್ತ ಬಾಂಬೆಗೆ ಹೋಗಿದೆ ಎಂಬ ಸಂದೇಶವಾಗಿ. ಯಾರಿಗೂ ಅದು ಏನೆಂದು ತಿಳಿದಿರಲಿಲ್ಲ.

ಆ ಮನುಷ್ಯನ ಹೆಂಡತಿಗೆ ನಾನು ನಮಸ್ಕಾರ ಮುಟ್ಟಿಸುವ ಅಗತ್ಯವಿಲ್ಲ. ನೀನು ಕನ್ನಡಿಯ ಮುಂದೆ ನಿಂತು ಕೈ ಮುಗಿ, ಸಾಕು. ಕಾಲು ಉಳುಕಿದ್ದಲ್ಲ. ಚೂರು ತೆಗೆದಿದ್ದಾರೆ, ಗಾಯ ಮಾಗುತ್ತಿದೆ, ಕೋಲು ಹಿಡಿದು ನಡೆಯುತ್ತೇನೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಿನ್ನ ಪತ್ರವನ್ನು ನಾನು ಹಿಂದಿಯಲ್ಲಿ ಹೇಳುತ್ತ ಹೋದ ಹಾಗೆ ಮೇಡಂ ನನ್ನ ಮಂಚದ ತುದಿಯಲ್ಲಿ ಕೂತುಬಿಟ್ಟರು. ಅದೇ ಹೊತ್ತಿಗೆ ರಕ್ತ ತೆಗೆದು ಕೆಳಗಿನ ದೊಡ್ಡ ಆಸ್ಪತ್ರೆಗೆ ಪ್ರಲ್ಹಾದನ ಕೈಯಲ್ಲಿ ಕಳಿಸಿದರು. ನಿನ್ನೆ ಉತ್ತರ ಬಂತು. ನಾನೂ ಬಾಂಬೆ. ಅಂದು ಆ ಚೀಲ ನನಗೆ ಏರಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮೇಡಂ ನನ್ನ ಬಿಲ್ಲೆಯನ್ನು ತಾವೇ ಬಿಚ್ಚಿಕೊಂಡು ಹೋದರು. ಇಡೀ ಘಟಕದವರ ರಕ್ತವನ್ನು ಮತ್ತೆ ಸರಿಯಾಗಿ ನೋಡಬೇಕು ಎಂದು ಹೇಳಿದ್ದಾರೆ.

ಈಗ ನಿನ್ನ ವಿಷಯ. ನೀನು ರಕ್ತದಾನದ ಶಿಬಿರಕ್ಕೆ ಹೋಗಿಲ್ಲ. ಕೇತಕಿ ಡಾಕ್ಟರನ್ನು ನಾನೂ ಬಲ್ಲೆ, ಅವರು ಶಿಬಿರ ನಡೆಸುವುದಿಲ್ಲ, ಹೆರಿಗೆ ಮಾಡಿಸುತ್ತಾರೆ. ಒಗ್ಗರಣೆಗೆ ಹೊಟ್ಟೆ ತೊಳಸಿದ್ದಕ್ಕೆ ನಾನು ಸಕ್ಕರೆ ಉಪ್ಪಿನ ನೀರು ಕುಡಿ ಎಂದು ಬರೆದೆನಲ್ಲ, ಒಂಬತ್ತು ವರ್ಷದ ನನ್ನ ವಿದ್ಯೆಗೆ ಬೆಂಕಿ ಬೀಳಲಿ. ನೀನು ಬಸುರಿ. ಹೌದೋ ಅಲ್ಲವೋ ಬರೆ.

ಸಂತೋಷಕ್ಕೆ ಕೋಲು ಬಿಟ್ಟು ಎರಡು ಹೆಜ್ಜೆ ನಡೆದೆ. ಆಮೇಲೆ ಹೋದ ವರ್ಷದ್ದು ನೆನಪಾಗಿ ಅಲ್ಲೇ ಕೂತೆ. ಆ ಕೂಸು ನಿಲ್ಲದೆ ಹೋದಾಗ ನಿನಗೆ ಎಷ್ಟು ರಕ್ತ ಹೋಗಿತ್ತು. ಓ ಪಾಸಿಟಿವ್ ಚೀಲ ನಿನ್ನ ಮಂಚದ ಹತ್ತಿರ ತಂದಿಟ್ಟಿದ್ದರು. ಏರಿಸಿರಿ ಎಂದು ಸಹಿ ಹಾಕಿದವನು ನಾನು. ರಕ್ತ ತಾನಾಗಿ ನಿಂತಿತು, ಚೀಲ ವಾಪಸ್ ಹೋಯಿತು. ನೀನು ನನ್ನ ಕುತ್ತಿಗೆಯ ಬಿಲ್ಲೆಗೆ ಹೆದರಿ ಮೂರು ಪತ್ರ ಬರೆದೆ. ನನಗೆ ನಿನ್ನ ಹೆರಿಗೆಯ ಹೆದರಿಕೆ ಹತ್ತಿದೆ.

ಮಾಂತು


ಹಡಪಸರ
೨ ಜೂನ್ ೨೦೨೫

ಮಾಮಾ,

ಹೌದು.

ಅವ್ವ ಬಾಯಿ ಕಟ್ಟಿದ್ದಳು. "ಮೂರು ತಿಂಗಳ ತುಂಬೂತನಾ ಯಾರ ಮುಂದೂ ಆಡಬ್ಯಾಡ, ಗಂಡನ ಮುಂದೂ ಬ್ಯಾಡ. ಹ್ವಾದ ಸಲ ಊರಿಗೆಲ್ಲಾ ಹೇಳಿ ಏನಾತು" ಅಂದಳು. ನಿನ್ನ ಪತ್ರವನ್ನು ಅವಳಿಗೆ ಓದಿ ತೋರಿಸಿದೆ. ತಮ್ಮನ ತೊಡೆಯ ವಿಷಯ ಬಂದಾಗ ಸೆರಗು ಬಾಯಿಗೆ ಹಿಡಿದಳು. ನೀನು ನನ್ನ ಗುಟ್ಟನ್ನು ಅಲ್ಲಿ ಕೂತೇ ಹಿಡಿದದ್ದು ಬಂದಾಗ ನಕ್ಕಳು. ಅತ್ತು ನಕ್ಕು ಮುಗಿಸಿ ಹೋಳಿಗೆಗೆ ಬೇಳೆ ಇಟ್ಟಳು. ದೀಪಾಲಿಗೂ ಹೇಳಿದೆವು. ಅವಳು ಕೂಸು ನಿನ್ನನ್ನು ಅಪ್ಪ ಅನ್ನಬೇಕೋ ಅಜ್ಜ ಅನ್ನಬೇಕೋ ಎಂದು ಕೇಳುತ್ತಾಳೆ. ಅಜ್ಜಿಯ ತಮ್ಮ ಅಜ್ಜನೇ ತಾನೇ.

ಉಳುಕಿದ ಕಾಲಿನವನೇ, ನಿನ್ನ ಮೇಲೆ ಸಿಟ್ಟು ಮಾಡಲು ನನಗೆ ಬಾಯಿಲ್ಲ. ನಾನೂ ಶಿಬಿರದ ಕಥೆ ಕಟ್ಟಿದವಳೇ. ಇನ್ನು ಮುಂದೆ ಇಬ್ಬರೂ ನಿಜ ಬರೆಯೋಣ.

ನಿಜ ಇದು. ದಿನ ತುಂಬುವುದು ಡಿಸೆಂಬರ್ ಮೂರನೇ ವಾರ. ಹೆರಿಗೆಗೆ ಮೊದಲು ನಮ್ಮ ಗುಂಪಿನ ರಕ್ತ ಕೈಯಲ್ಲಿರಲೇಬೇಕು ಎಂದು ಕೇತಕಿ ಡಾಕ್ಟರು ಹೇಳಿದ್ದಾರೆ. ಅವ್ವನಿಗೆ ಸಕ್ಕರೆ ಕಾಯಿಲೆ, ಮೈಯಲ್ಲಿ ರಕ್ತವೂ ಕಡಿಮೆ, ಅವಳದು ತೆಗೆಯುವಂತಿಲ್ಲ. ಬ್ಲಡ್ ಬ್ಯಾಂಕಿನವರು ಸಾಂಗಲಿಯ ಒಬ್ಬರ ಹೆಸರು ಹೇಳಿದರು, ಅವರು ಈಗ ದುಬೈಯಲ್ಲಿದ್ದಾರೆ. ಉಳಿದವನು ನೀನು. ನನಗಂತೂ ಇದು ಹಬ್ಬದ ಸುದ್ದಿಯಾಗಿ ಕೇಳಿಸಿತು. ಸರಕಾರ ರಜೆ ಕೊಡಲೇಬೇಕು. ಡಿಸೆಂಬರಿನಲ್ಲಿ ಬಾ. ರಕ್ತ ಕೊಡು, ನನ್ನ ಕೈ ಹಿಡಿದುಕೋ, ಕೂಸನ್ನು ಎತ್ತಿಕೋ. ಹೋದ ಸಲ ನೀನು ಬಾಗಿಲ ಹೊರಗೆ ನಿಂತಿದ್ದೆ ಎಂಬ ಒಂದೇ ಧೈರ್ಯಕ್ಕೆ ನಾನು ಉಳಿದೆ. ಈ ಸಲವೂ ನೀನು ಬೇಕು.

ತ್ರಿವೇಣಿ


೫೬ ಎ.ಪಿ.ಒ.
೧೪ ಅಕ್ಟೋಬರ್ ೨೦೨೫

ತ್ರಿವೇಣಿ,

ಈಗ ಫೋನು ಸಿಕ್ಕರೂ ಇದನ್ನು ಬರೆದೇ ಹೇಳುತ್ತೇನೆ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ನನ್ನ ನಿರ್ಧಾರ ಕರಗುತ್ತದೆ.

ನನಗೆ ಈ ವರ್ಷ ಉಳಿದಿರುವುದು ಹದಿನೈದು ದಿನದ ರಜೆ. ಉಳಿದದ್ದು ಏಪ್ರಿಲ್‌ನಲ್ಲೇ ಮುಗಿದಿದೆ. ಘಟಕ ಇನ್ನೂ ಮುಂದೆಯೇ ಇದೆ, ಯಾರಿಗೂ ಎರಡು ಸಲ ಬಿಡುತ್ತಿಲ್ಲ. ಒಮ್ಮೆ ಬರಬಹುದು, ಒಂದೇ ಸಲ. ನಾನು ನವೆಂಬರ್ ಎಂಟರಿಂದ ಕೇಳಿದ್ದೇನೆ. ಮಂಜೂರಾಗಿದೆ.

ಡಿಸೆಂಬರಿನಲ್ಲಿ ಬರುವುದಿಲ್ಲ. ಕಾರಣ ಕೇಳು. ತೆಗೆದ ರಕ್ತ ತಿಂಗಳ ಮೇಲೆ ಸ್ವಲ್ಪ ದಿನ ಇರುತ್ತದೆ. ಕೊಡುವುದಕ್ಕೆ ಮೊದಲು ಅದರ ಪರೀಕ್ಷೆಗಳೇ ಹಲವು. ನೀನು ಹುಟ್ಟಿದ್ದೂ ದಿನ ತುಂಬುವ ಮೊದಲು, ಅಕ್ಕನೇ ಹೇಳುತ್ತಿರುತ್ತಾಳೆ. ನಾನು ಡಿಸೆಂಬರಿನ ಟಿಕೆಟ್ ಹಿಡಿದು ಕೂತಾಗ ನಿನಗೆ ಮೊದಲೇ ನೋವು ಬಂದರೆ, ಇಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ, ನನ್ನ ಮೈಯಲ್ಲಿರುವ ರಕ್ತ ನಿನಗೆ ಏನು ಉಪಯೋಗ? ಕೇತಕಿ ಡಾಕ್ಟರ ಹತ್ತಿರ ಮೇಡಂ ಫೋನಿನಲ್ಲಿ ಮಾತಾಡಿದ್ದಾರೆ. ನವೆಂಬರಿನ ಮೂರನೇ ವಾರ ಕೊಟ್ಟು ಹೋದರೆ ಹಿಂದು ಮುಂದಾದರೂ ಚೀಲ ಸಿದ್ಧವಿರುತ್ತದೆ ಎಂದು ಇಬ್ಬರೂ ಹೇಳಿದರು.

ಕೂಸಿನ ಮುಖ ನೋಡುವ ಆಸೆ ನಿನಗಿಂತ ನನಗೆ ಕಡಿಮೆಯಿಲ್ಲ. ಸಿಟ್ಟು ಮಾಡು, ಆದರೆ ಬೇಡ ಅನ್ನಬೇಡ.

ಮಾಂತು


ಹಡಪಸರ
೨೪ ಅಕ್ಟೋಬರ್ ೨೦೨೫

ಮಾಮಾ,

ಸಿಟ್ಟು ಮಾಡಿದ್ದೇನೆ. ಎರಡು ದಿನ ನಿನ್ನ ಫೋನು ಎತ್ತಲಿಲ್ಲವಲ್ಲ, ಅದೇ. ದೀಪಾವಳಿಗೆ ಆಕಾಶಬುಟ್ಟಿಯನ್ನೂ ಹಚ್ಚಲಿಲ್ಲ.

ಎಲ್ಲರ ಗಂಡಂದಿರೂ ಹೆರಿಗೆ ಕೋಣೆಯ ಹೊರಗೆ ಮೊಬೈಲು ನೋಡುತ್ತ ಕೂತಿರುತ್ತಾರೆ. ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತಾರೆ. ನನಗೂ ಹಾಗೆ ಸುಮ್ಮನೆ ಇರುವವನೊಬ್ಬ ಬೇಕಿತ್ತು. ನೀನು ಲೆಕ್ಕ ಹಾಕಿ ಉಪಯೋಗ ಹುಡುಕಿದೆ. ಅಪ್ಪ ಹೇಳಿದ, ಅವನ ಮಾತು ಖರೆ ಅದ, ಇದರಾಗ ತಕರಾರು ಬ್ಯಾಡ ಅಂತ. ಖರೆ ಎಂದು ನನಗೂ ಗೊತ್ತು. ಅದಕ್ಕೇ ಇನ್ನೂ ಸಿಟ್ಟು.

ಬಾ.

ತ್ರಿವೇಣಿ


ರೈಲಿನಿಂದ
೨೨ ನವೆಂಬರ್ ೨೦೨೫

ತ್ರಿವೇಣಿ,

ಮನ್ಮಾಡ ದಾಟಿತು. ನೆಟ್‌ವರ್ಕ್ ಇಲ್ಲ, ಅಕ್ಕ ಕಟ್ಟಿಕೊಟ್ಟ ಕಡಕ್ ರೊಟ್ಟಿಗೆ ಇಡೀ ಬೋಗಿಯ ಕಣ್ಣು ಬಿದ್ದಿದೆ.

ಬ್ಲಡ್ ಬ್ಯಾಂಕಿನ ದಿನ ನನಗೆ ಮದುವೆಯ ದಿನಕ್ಕಿಂತ ಹೆಚ್ಚು ಸಡಗರವಾಗಿತ್ತು. ಮಾವ ಹೊಸ ಧೋತರ ಉಟ್ಟು ಬಂದರು. ದೀಪಾಲಿ ಮೊಸರನ್ನ ತಂದಳು. ಅಲ್ಲಿಯ ಹುಡುಗರೆಲ್ಲ ಬಾಂಬೆ ರಕ್ತ ನೋಡಬೇಕೆಂದು ಒಬ್ಬೊಬ್ಬರಾಗಿ ಇಣುಕಿದರು. ಅದೂ ಎಲ್ಲರ ರಕ್ತದ ಹಾಗೆ ಕೆಂಪಗೇ ಇತ್ತು, ಅವರಿಗೆ ನಿರಾಶೆಯಾದಂತೆ ಕಂಡಿತು. ನೀನು ಎಂಟು ತಿಂಗಳು ಕಳೆದ ಹೊಟ್ಟೆ ಹೊತ್ತು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಚೀಲ ತುಂಬುತ್ತಿದ್ದಾಗ ಕೂಸು ಒದೆಯಿತು ಎಂದು ನನ್ನ ಇನ್ನೊಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಅಷ್ಟು ಹೊತ್ತು ನಿನ್ನ ಸಿಟ್ಟು ಎಲ್ಲಿತ್ತೋ ಕಾಣೆ.

ಸ್ಟೇಷನ್ನಿನಲ್ಲಿ ನೀನು ಅಳಲಿಲ್ಲ. ನಾನು ಆಮೇಲೆ ಶೌಚಾಲಯದ ಬಾಗಿಲು ಹಾಕಿಕೊಂಡು ಅತ್ತೆ. ನಿಜ ಬರೆಯೋಣ ಎಂದು ನೀನೇ ಹೇಳಿದ್ದೆಯಲ್ಲ.

ಮಾಂತು


ಹಡಪಸರ
೧೧ ಡಿಸೆಂಬರ್ ೨೦೨೫

ಮಾಮಾ,

ಹೆಣ್ಣು. ಫೋನಿನಲ್ಲಿ ಅಪ್ಪ ನಿನಗೆ ಹೇಳಿದ್ದಾನೆ, ಫೋಟೋ ಕಳಿಸಿದ್ದಾನೆ. ಮೂಗು ಅವ್ವನದು, ಅಂದರೆ ನಿನ್ನದೂ. ಸಿಟ್ಟು ಮಾತ್ರ ನನ್ನದು. ಇಬ್ಬರೂ ಸುಖವಾಗಿದ್ದಾರೆ ಎಂದು ಅಪ್ಪ ಹೇಳಿದ್ದು ನಿಜ, ಆದರೆ ಪೂರ್ತಿಯಲ್ಲ. ಪೂರ್ತಿಯನ್ನು ನಾನೇ ಬರೆಯುತ್ತೇನೆ ಎಂದು ಹಟ ಹಿಡಿದು ಅವನ ಬಾಯಿ ಮುಚ್ಚಿಸಿದ್ದೆ.

ನೋವು ಅಂಗಡಿಯಲ್ಲೇ ಬಂತು, ಎರಡು ವಾರ ಮೊದಲೇ. ಅಪ್ಪ ಪಾತ್ರೆಯ ಟೆಂಪೋದಲ್ಲೇ ನನ್ನನ್ನು ಕೂಡಿಸಿದ. ಮಗರಪಟ್ಟಾ ಚೌಕದಲ್ಲಿ ಗಾಡಿಗಳು ಅಲ್ಲಾಡದೆ ನಿಂತಿದ್ದವು. ಅಪ್ಪ ಇಳಿದು ನಡುರಸ್ತೆಯಲ್ಲಿ ಕೈ ಬೀಸುತ್ತ ತನ್ನ ಮರಾಠಿಯಲ್ಲಿ ಎಲ್ಲರನ್ನೂ ಸರಿಸಿದ. ಹಿಂದೆ ಸ್ಟೀಲಿನ ಪರಾತಗಳು ಒಂದಕ್ಕೊಂದು ಬಡಿದು ಬ್ಯಾಂಡಿನಂತೆ ಬಾರಿಸುತ್ತಿದ್ದವು. ಅವ್ವ ಒಂದು ಕೈಯಿಂದ ನನ್ನನ್ನೂ ಇನ್ನೊಂದರಿಂದ ಪಾತ್ರೆಗಳನ್ನೂ ಹಿಡಿದಿದ್ದಳು. ನೋವಿನ ನಡುವೆಯೂ ನನಗೆ ನಗು ಬಂತು. ನೀನಿದ್ದಿದ್ದರೆ ನೀನೂ ನಗುತ್ತಿದ್ದೆ ಅಂದುಕೊಂಡೆ. ಆಸ್ಪತ್ರೆ ಬರುವವರೆಗೂ ಅದನ್ನೇ ಅಂದುಕೊಂಡೆ.

ಮಧ್ಯಾಹ್ನ ಮಗಳು ಹುಟ್ಟಿದಳು. ಅತ್ತದ್ದು ಕೇಳಿದೆ. ಆಮೇಲೆ ರಕ್ತ ನಿಲ್ಲಲಿಲ್ಲ. ಕೇತಕಿ ಡಾಕ್ಟರ ಧ್ವನಿ ಬದಲಾದದ್ದು ಗೊತ್ತಾಯಿತು. ಕೈಕಾಲು ತಣ್ಣಗಾದವು. ಚೀಲ ತನ್ನಿರಿ ಎಂದು ಯಾರೋ ಓಡಿದರು. ನನಗೆ ಬಹಳ ಹೆದರಿಕೆಯಾಯಿತು ಮಾಮಾ. ಹೋದ ಸಲಕ್ಕಿಂತ ಹೆಚ್ಚು, ಏಕೆಂದರೆ ಈ ಸಲ ಅವಳ ಅಳು ಕೇಳಿಸುತ್ತಿತ್ತು. ನೀನು ಡಿಸೆಂಬರಿಗೆಂದು ಕಾದು ಕೂತಿದ್ದರೆ ನಿನ್ನ ರೈಲು ಅಂದು ಎಲ್ಲಿರುತ್ತಿತ್ತೋ. ನಾನು ಸಿಟ್ಟು ಮಾಡಿ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸಲಾರೆ.

ಚೀಲ ತೂಗುಹಾಕಿದರು, ಕೈಗೆ ಸೂಜಿ ಚುಚ್ಚಿದರು. ಮೊದಲು ತಣ್ಣಗೆ ಇಳಿಯಿತು. ಆಮೇಲೆ ಬೆರಳುಗಳು ನನ್ನವು ಅನ್ನಿಸತೊಡಗಿದವು.

ರಕ್ತ ಹತೋಟಿಗೆ ಬಂದ ಮೇಲೆ ಹೊಸದಾಗಿ ಬಂದ ಸಿಸ್ಟರು ಮಗಳನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ನಿಂತಳು. ಕೂಸಿನ ಅಪ್ಪನ ಕೈಗೆ ಕೊಟ್ಟು ಪೇಢೆ ವಸೂಲು ಮಾಡುವುದು ಅಲ್ಲಿಯ ಪದ್ಧತಿ. ಬಾಗಿಲ ಹೊರಗೆ ನೋಡಿದಳು. ಅವ್ವ ಇದ್ದಳು, ಅಪ್ಪ ಇದ್ದ, ದೀಪಾಲಿ ಇದ್ದಳು. ಒಳಗೆ ಬಂದು "ಮಿಸ್ಟರ್ ಕುಠೇ ಆಹೇತ?" ಎಂದು ನನ್ನನ್ನೇ ಕೇಳಿದಳು, ಗಂಡ ಎಲ್ಲಿ ಅಂತ. ಇಷ್ಟು ವರ್ಷ ಪುಣೆಯಲ್ಲಿದ್ದೂ ಆ ಹೊತ್ತಿಗೆ ನನ್ನ ಬಾಯಿಗೆ ಮರಾಠಿ ಬರಲಿಲ್ಲ. ಕೈ ಎತ್ತಿ, ಸ್ಟ್ಯಾಂಡಿನಲ್ಲಿ ತೂಗುತ್ತಿದ್ದ ಚೀಲದ ಕಡೆ ತೋರಿಸಿ ಕನ್ನಡದಲ್ಲೇ ಹೇಳಿದೆ: "ಇಲ್ಲೇ ಅದಾರ್ರಿ."

ತ್ರಿವೇಣಿ